ಕಾರು ಇಳಿಸದೆ ಟ್ರ್ಯಾಕಿಗೆ: ಪೀಣ್ಯದ ಗ್ಯಾರೇಜಿನಲ್ಲಿ ನನ್ನ ಕೇಮನ್

ವಿಜಯನಗರದ ಹಂಪುಗಳ ಮೇಲೂ ಓಡಬೇಕು, ಚೆನ್ನೈ ಕಡೆಯ ಶ್ರೀಪೆರುಂಬುದೂರು ಹತ್ತಿರದ ರೇಸ್ ಟ್ರ್ಯಾಕಿನಲ್ಲೂ ಓಡಬೇಕು. ಎರಡಕ್ಕೂ ಒಂದೇ ಕಾರು. ಟ್ರೇಲರ್ ಮೇಲೆ ಹೇರಿಕೊಂಡು ಹೋಗುವುದಿಲ್ಲ. ಓಡಿಸಿಕೊಂಡು ಹೋಗಿ, ಓಡಿಸಿಕೊಂಡೇ ವಾಪಸ್ ಬರಬೇಕು. ಹೀಗೆಂದು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಮೊದಲು ಬರುವ ಮಾತು ಒಂದೇ: ‘ಸಾರ್, ಫಸ್ಟು ಗಾಡಿ ಇಳಿಸೋಣ.’ ಇಳಿಸೋಣ ಅಂದರೆ ಕಾರಿನ ಎತ್ತರ ಕಮ್ಮಿ ಮಾಡೋಣ ಅಂತ. ಹಾಗೆ ಇಳಿಸದೆಯೇ ಕೆಲಸ ಮಾಡಿಕೊಟ್ಟ ಒಂದು ಗ್ಯಾರೇಜಿನ ಬಗ್ಗೆ, ಅಲ್ಲಿ ಹಾಕಿಸಿದ ಒಂದೊಂದು ಸಾಮಾನಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಗ್ಯಾರೇಜು ಪೀಣ್ಯದಲ್ಲಿದೆ. ಹೆಸರು ಹಾಕಬೇಡಿ, ಇರುವ ಕೆಲಸವೇ ಮುಗಿಯುತ್ತಿಲ್ಲ ಎಂದು ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಹಾಕುತ್ತಿಲ್ಲ. ಆದರೆ ಅವರು ಕೆಲಸ ಮಾಡುವ ರೀತಿ ಗೊತ್ತಾದರೆ, ನೀವು ಯಾವ ಗ್ಯಾರೇಜಿಗೆ ಹೋದರೂ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ಕಾರು ಪೋರ್ಷೆ ಕೇಮನ್, 981 ಎಂದು ಕರೆಯುವ ತಲೆಮಾರಿನದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. 2.7 ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ, 275 ಪಿಎಸ್. ಎಂಜಿನ್ ಸೀಟಿನ ಬೆನ್ನ ಹಿಂದೆ ಕೂತಿದೆ. ಮುಂದೆ 150 ಲೀಟರ್ ಡಿಕ್ಕಿ, ಹಿಂದೆ ಇನ್ನೊಂದು. ವಾರದ ದಿನಗಳಲ್ಲಿ ಇದರಲ್ಲೇ ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿಗೆ ಹೋಗುತ್ತೇನೆ. ಮನೆಯವರು ಮಲ್ಲೇಶ್ವರಕ್ಕೆ ತೆಗೆದುಕೊಂಡು ಹೋಗುತ್ತಾರೆ. ನಾನು ಟೂಲ್‌ರೂಮಿನಲ್ಲಿ ಕೆಲಸ ಕಲಿತವನು. ಡೈ, ಫಿಕ್ಸ್ಚರ್ ಮಾಡುವುದು ನಮ್ಮ ಹೊಟ್ಟೆಪಾಡು. ಅಳತೆ ತೆಗೆಯದೆ ಯಾರಾದರೂ ‘ಸರಿ ಇದೆ ಬಿಡಿ’ ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ಮೊದಲು ಹಂಪ್ ಅಳೆದೆ.

ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪಿಗೆ ಒಂದು ಆಕಾರ ಇದೆ. 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ನನ್ನ ಕಾರಿನ ಎರಡು ಆಕ್ಸಲ್ ನಡುವಿನ ಅಂತರ 2.475 ಮೀಟರ್. ಅಂದರೆ ಸರಿಯಾದ ಹಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ಆಗ ಹೊಟ್ಟೆಯ ಕೆಳಗೆ ಎಷ್ಟು ಜಾಗ ಬೇಕು ಎಂದು ಲೆಕ್ಕ ಹಾಕಿದರೆ ಬರುವುದು ಬರೀ 45 ಮಿ.ಮೀ. ಪುಸ್ತಕದಲ್ಲಿ ಇರುವ ಹಾಗೆ ಹಂಪ್ ಹಾಕಿದರೆ ಇಳಿಸಿದ ಕಾರು ಕೂಡ ಆರಾಮಾಗಿ ದಾಟುತ್ತದೆ.

ನಮ್ಮ ಬೀದಿಯಲ್ಲಿ ಹಾಗಿಲ್ಲ ಅಲ್ವಾ. ಟೇಪು ಹಿಡಿದು ಬಗ್ಗಿ ಅಳೆಯುವಾಗ ಎದುರು ಮನೆಯ ಅಜ್ಜಿ ಗೇಟಿಗೆ ಬಂದು, ‘ಕಾರ್ಪೊರೇಶನ್‌ನೋರಾ? ಇದನ್ನ ಸ್ವಲ್ಪ ಚಿಕ್ಕದು ಮಾಡ್ಸಪ್ಪ, ಆಟೋದಲ್ಲಿ ಬಂದ್ರೆ ಸೊಂಟ ಹೋಗತ್ತೆ’ ಅಂದರು. ಅಗಲ ಒಂದೂಕಾಲು ಮೀಟರ್, ಎತ್ತರ 12 ಸೆಂ.ಮೀ. ಇಷ್ಟು ಕಿರಿದಾದ ಹಂಪ್ ಎರಡು ಆಕ್ಸಲ್ ನಡುವೆ ಪೂರ್ತಿ ತೂರಿಕೊಳ್ಳುತ್ತದೆ. ಅಲ್ಲಿ 45 ಮಿ.ಮೀ. ಲೆಕ್ಕ ನಡೆಯುವುದಿಲ್ಲ. 12 ಸೆಂ.ಮೀ.ಗೆ 12 ಸೆಂ.ಮೀ.ಯೂ ಬೇಕು. ಕಂಪನಿ ಕೊಟ್ಟ ಎತ್ತರದಲ್ಲಿ ನಿಧಾನವಾಗಿ, ಓರೆಯಾಗಿ ಹತ್ತಿಸಿದರೆ ತಗುಲದೆ ದಾಟುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಲೋವರಿಂಗ್ ಸ್ಪ್ರಿಂಗ್ ಹಾಕಿ 25 ಮಿ.ಮೀ. ಇಳಿಸಿದರೆ ದಾಟುವುದಿಲ್ಲ. ಅಷ್ಟೇ ವಿಷಯ.

ಇಳಿಸಬಾರದು ಅನ್ನುವುದಕ್ಕೆ ಹಂಪ್ ಒಂದೇ ಕಾರಣ ಅಲ್ಲ. ಈ ಕಾರಿಗೆ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. ಕಾರು ಕೆಳಗೆ ಬಂದಾಗ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮಿನ ಕೋನ ಬದಲಾಗುತ್ತದೆ. ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ, ಅದನ್ನು ರೋಲ್ ಸೆಂಟರ್ ಅನ್ನುತ್ತಾರೆ. ಈ ರೋಲ್ ಸೆಂಟರ್, ಕಾರಿನ ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಜಾಸ್ತಿ ಆದಷ್ಟೂ ಕಾರು ವಾಲುವುದಕ್ಕೆ ಜಾಸ್ತಿ ಎಳೆತ ಸಿಗುತ್ತದೆ. ಅದನ್ನು ತಡೆಯಲು ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ನಮ್ಮ ರಸ್ತೆಯ ಗುಂಡಿ, ತೇಪೆಗಳ ಮೇಲೆ ಟೈರ್ ನೆಲ ಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಟ್ರ್ಯಾಕಿಗಾಗಿಯೇ ಇಡೀ ಸಸ್ಪೆನ್ಷನ್ ಬದಲಾಯಿಸುವವರ ಮಾತು ಬೇರೆ. ಬರೀ ಸ್ಪ್ರಿಂಗ್ ಬದಲಿಸಿ ಇಳಿಸುವುದು ನೋಡಲು ಚೆನ್ನ, ಓಡಿಸಲು ಅಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನೆಲ್ಲ ಪೀಣ್ಯದ ಮೇಸ್ತ್ರಿಗೆ ಹೇಳಿದಾಗ ಅವರು ವಾದ ಮಾಡಲಿಲ್ಲ. ಕಾರನ್ನು ಲಿಫ್ಟಿಗೆ ಏರಿಸಿ, ಮುಂದಿನ ಟೈರಿನ ಹೊರ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ‘ಎತ್ತರ ಬಿಡಿ ಸಾರ್. ಇಲ್ಲಿ ನೋಡಿ, ಇಲ್ಲಿದೆ ನಿಮ್ ಸಮಸ್ಯೆ’ ಅಂದರು. ಹೊರ ಅಂಚು ನುಣ್ಣಗಾಗಿತ್ತು. ಒಳಗೆಲ್ಲ ಟ್ರೆಡ್ ಹಾಗೇ ಇತ್ತು.

ಅದರ ಕಾರಣ ಸರಳ. ಕಂಪನಿಯಿಂದ ಬರುವಾಗ ಮುಂದಿನ ಚಕ್ರಗಳು ಹೆಚ್ಚುಕಡಿಮೆ ನೆಟ್ಟಗೆ ಇರುತ್ತವೆ. ಎಲ್ಲ ಬಗೆಯ ಚಾಲಕರೂ ಓಡಿಸುವ ಕಾರು, ತಿರುವಿನಲ್ಲಿ ಹಿಂಬದಿ ಜಾರುವುದಕ್ಕಿಂತ ಮುಂಬದಿ ಜಾರುವುದು ಕ್ಷೇಮ. ಹಾಗಾಗಿ ಹಾಗೆ ಇಟ್ಟಿರುತ್ತಾರೆ. ಊರಲ್ಲಿ ಅದೇ ಸರಿ. ಟ್ರ್ಯಾಕಿನಲ್ಲಿ ಕಾರು ವಾಲಿದಾಗ ಚಕ್ರವೂ ಅದರ ಜೊತೆ ಹೊರಕ್ಕೆ ವಾಲುತ್ತದೆ. ಆಗ ಇಡೀ ಭಾರ ಟೈರಿನ ಹೊರ ಅಂಚಿನ ಮೇಲೆ ಬೀಳುತ್ತದೆ. ದುಡ್ಡು ಕೊಟ್ಟು 235 ಮಿ.ಮೀ. ಅಗಲದ ಟೈರ್ ಹಾಕಿರುತ್ತೇವೆ, ಕೆಲಸಕ್ಕೆ ಬರುವುದು ಅದರ ಒಂದು ಪಟ್ಟಿ ಮಾತ್ರ. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿ ಇಟ್ಟರೆ, ತಿರುವಿನಲ್ಲಿ ಟೈರ್ ಪೂರ್ತಿ ನೆಲಕ್ಕೆ ಕೂರುತ್ತದೆ. ಇದೇ ನೆಗೆಟಿವ್ ಕ್ಯಾಂಬರ್.

ಮೂಲ ಆರ್ಮಿನಲ್ಲಿ ಹೊಂದಿಸಿಕೊಳ್ಳಲು ಜಾಗ ಕಮ್ಮಿ. ಮೇಲೆ ಸ್ಟ್ರಟ್ಟಿನ ತಲೆಯಲ್ಲಿ ಇರುವ ತೂತಿನ ಅಳತೆಯಷ್ಟೇ. ಅದಕ್ಕೆ ಪೋರ್ಷೆ ಪ್ರಿಯರೆಲ್ಲ ಜಿಟಿ3 ಆರ್ಮ್ ಅನ್ನುವ, ಎರಡು ತುಂಡಿನ ಕೆಳ ಆರ್ಮ್ ಹಾಕಿಸುತ್ತಾರೆ. ಎರಡು ತುಂಡಿನ ನಡುವೆ ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಇಡಬಹುದು. ಶಿಮ್ ಹೆಚ್ಚಿಸಿದಷ್ಟೂ ಚಕ್ರದ ಬುಡ ಹೊರಗೆ ಹೋಗುತ್ತದೆ, ಕ್ಯಾಂಬರ್ ಹೆಚ್ಚುತ್ತದೆ. ಕಾರಿನ ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಇಷ್ಟೊಂದು ಬರೆಯುತ್ತಿರುವುದು ಇದೊಂದು ಭಾಗಕ್ಕಾಗಿಯೇ. ಬೆಂಗಳೂರಿನಲ್ಲಿ ಇರುವವರಿಗೆ ಇದು ಹೇಳಿ ಮಾಡಿಸಿದ ಬದಲಾವಣೆ.

ಕೆಲಸ ನಡೆದ ರೀತಿ ನೋಡಿ ನನಗೆ ಹೊಟ್ಟೆ ತುಂಬಿತು. ಅಲೈನ್‌ಮೆಂಟ್ ಮಾಡುವ ಜಾಗದ ನೆಲವನ್ನು ಅವರು ಲೆವೆಲ್ ಇಟ್ಟು ಸರಿಮಾಡಿಕೊಂಡಿದ್ದಾರೆ. ನಾಲ್ಕು ಚಕ್ರದ ಕೆಳಗೂ ಗುರುತು ಹಾಕಿದ ತಟ್ಟೆಗಳಿವೆ. ನನ್ನ ತೂಕ ಕೇಳಿ, ಅಷ್ಟೇ ತೂಕದ ಮರಳು ಚೀಲಗಳನ್ನು ಡ್ರೈವರ್ ಸೀಟಿನ ಮೇಲೆ ಇಟ್ಟರು. ಪೆಟ್ರೋಲ್ ಅರ್ಧ ಟ್ಯಾಂಕ್ ಇರುವ ಹಾಗೆ ನೋಡಿಕೊಂಡರು. ಟೈರಿನ ಗಾಳಿ ಹೊಂದಿಸಿದರು. ಆಮೇಲೆ ಕಂಪ್ಯೂಟರ್ ಮಿಷನ್ನಿನಲ್ಲಿ ಒಂದು ಸಲ, ಕಾರಿನ ಎರಡೂ ಬದಿಗೆ ದಾರ ಕಟ್ಟಿ ಸ್ಕೇಲ್ ಹಿಡಿದು ಇನ್ನೊಂದು ಸಲ ಅಳೆದರು. ಎರಡೂ ಲೆಕ್ಕ ತಾಳೆ ಆಗುವವರೆಗೆ ಬೋಲ್ಟ್ ಬಿಗಿ ಮಾಡಲಿಲ್ಲ. ‘ದಾರ ಯಾಕಣ್ಣ, ಮಿಷನ್ ಇದೆಯಲ್ಲ?’ ಎಂದು ಕೇಳಿದೆ. ‘ಮಿಷನ್‌ಗೆ ಕ್ಯಾಲಿಬ್ರೇಶನ್ ಬೇಕು ಸಾರ್, ದಾರಕ್ಕೆ ಬೇಡ’ ಅಂದರು. ನಮ್ಮ ವರ್ಕ್‌ಶಾಪಿನ ಹಳಬರೂ ಹೀಗೇ ಮಾತಾಡುತ್ತಾರೆ.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಲಿಲ್ಲ, ಕಾರು ತನ್ನ ಕಾಲ ಮೇಲೆ ನಿಂತ ಮೇಲೆ ಮಾಡಿದರು. ಇದು ಸಣ್ಣ ವಿಷಯ ಅನಿಸಬಹುದು. ನೇತಾಡುವಾಗ ಬಿಗಿ ಮಾಡಿದರೆ ಕಾರು ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಟಾರ್ಕ್ ರೆಂಚ್ ಬಳಸಿದ ಪ್ರತಿ ಬೋಲ್ಟಿಗೂ ಬಣ್ಣದ ಗೆರೆ ಎಳೆದಿದ್ದಾರೆ. ಬೋಲ್ಟ್ ಸಡಿಲವಾದರೆ ಗೆರೆ ಮುರಿದದ್ದು ಕಣ್ಣಿಗೆ ಕಾಣುತ್ತದೆ.

ನಾವು ಕೊನೆಗೆ ನಿಂತ ಕ್ಯಾಂಬರ್ ಅಳತೆ: ಮುಂದೆ ಮೈನಸ್ 2.2 ಡಿಗ್ರಿ, ಹಿಂದೆ ಮೈನಸ್ 2. ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದಕ್ಕೆ ಟೋ ಅನ್ನುತ್ತಾರೆ. ಹಿಂದಿನ ಚಕ್ರಗಳಿಗೆ ಸ್ವಲ್ಪ ಟೋ-ಇನ್, ಅಂದರೆ ಒಳಮುಖ, ಉಳಿಸಿಕೊಂಡೆವು, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೂ ಹಿಂಬದಿ ಗಾಬರಿ ಮಾಡಬಾರದು ಅಂತ. ಮುಂದಿನ ಟೋ ಸೊನ್ನೆ. ಕ್ಯಾಂಬರ್ ಹೆಚ್ಚಿಸಿದರೆ ಊರಲ್ಲಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ ಎಂದು ಹೆದರುವವರಿದ್ದಾರೆ. ಸ್ವಲ್ಪ ಸವೆಯುತ್ತದೆ, ನಿಜ. ಆದರೆ ಟೈರನ್ನು ನಿಜವಾಗಿ ತಿನ್ನುವುದು ತಪ್ಪಿದ ಟೋ. ಚಕ್ರ ಪ್ರತಿ ಸುತ್ತಿಗೂ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಟೋ ಸೊನ್ನೆಯಲ್ಲಿ ಇದ್ದರೆ ಎರಡು ಡಿಗ್ರಿ ಕ್ಯಾಂಬರ್ ಜೊತೆ ಊರಲ್ಲಿ ಬಾಳುವೆ ಮಾಡಬಹುದು.

ಒಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ಹೊಸೂರು ದಾಟಿ ಕೃಷ್ಣಗಿರಿ ಕಡೆ ಹೋಗುವಾಗ ಲಾರಿಗಳು ಓಡಿ ಓಡಿ ಎಡ ಲೇನಿನಲ್ಲಿ ತಗ್ಗು ಬಿದ್ದಿರುತ್ತದೆ. ಅಲ್ಲಿ ಸ್ಟೀರಿಂಗ್ ಆ ತಗ್ಗಿನ ಜಾಡು ಹಿಡಿದು ಎಳೆಯುತ್ತದೆ. ಮೊದಲು ಹೀಗಿರಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಬೇಕು.

ಈಗ ಬ್ರೇಕಿನ ಮಾತು. ಇದರಲ್ಲಿ ನಾನು ಯಾರ ಜೊತೆಯೂ ರಾಜಿ ಆಗುವುದಿಲ್ಲ.

ಕಾರು, ನಾನು, ಪೆಟ್ರೋಲ್ ಎಲ್ಲ ಸೇರಿ ಸುಮಾರು 1,450 ಕಿಲೋ ಅನ್ನಿ. 180 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಬ್ರೇಕಿನಲ್ಲಿ ಬಿಸಿಯಾಗಿ ಬದಲಾಗುವ ಶಕ್ತಿ ಸುಮಾರು 14.5 ಲಕ್ಷ ಜೂಲ್. ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಅಡುಗೆಮನೆಯಲ್ಲಿ ಅದಕ್ಕೆ ಕಾಲು ಗಂಟೆಗೂ ಜಾಸ್ತಿ ಬೇಕು. ಟ್ರ್ಯಾಕಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಆಗುತ್ತದೆ, ಪ್ರತಿ ಸುತ್ತಿನಲ್ಲೂ ಆಗುತ್ತದೆ. ಆ ಬಿಸಿಯೆಲ್ಲ ಡಿಸ್ಕಿಗೆ, ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂದು ನಿಯಮ. ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಬರುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಬರುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಕಾಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎಷ್ಟು ದೊಡ್ಡ ಡಿಸ್ಕ್ ಹಾಕಿಸಿದ್ದರೂ ಆ ಕ್ಷಣಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.

ನಾನು ಹಾಕಿಸಿದ್ದು ಮೋಟುಲ್ ಆರ್‌ಬಿಎಫ್ 600. ಹೊಸದಿದ್ದಾಗ ಅದರ ಕುದಿಬಿಂದು 312 ಡಿಗ್ರಿ. ಇಡೀ ಪಟ್ಟಿಯಲ್ಲಿ ಖರ್ಚು ಮಾಡಿದ ದುಡ್ಡಿಗೆ ಅತಿ ಹೆಚ್ಚು ಕೊಟ್ಟದ್ದು ಇದೇ. ಟ್ರ್ಯಾಕಿನಲ್ಲಿ ಪೆಡಲ್ ಮೊದಲ ಸುತ್ತಿನಲ್ಲಿ ಎಲ್ಲಿ ಕಚ್ಚುತ್ತಿತ್ತೋ ಕೊನೆಯ ಸುತ್ತಿನಲ್ಲೂ ಅಲ್ಲೇ ಕಚ್ಚಿತು. ಅಷ್ಟು ನೆಮ್ಮದಿ ಬೇರೆ ಯಾವ ಸಾಮಾನೂ ಕೊಡಲಿಲ್ಲ. ಆದರೆ ಹಾಕಿಸಿ ಮರೆಯುವ ಹಾಗಿಲ್ಲ. ಮಳೆಗಾಲ ಕಳೆದ ಮೇಲೆ, ಟ್ರ್ಯಾಕಿಗೆ ಹೋಗುವ ಮುಂಚೆ ಹೊಸದು ಹಾಕಿಸಲೇಬೇಕು. ಮೇಸ್ತ್ರಿ ಹಳೆಯ ಆಯಿಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ತೋರಿಸಿದರು. ಹೊಸದರ ಪಕ್ಕ ಇಟ್ಟಾಗ ಅದರ ಕಪ್ಪು ಬಣ್ಣ ನೋಡಿ ಬೇರೆ ವಿವರಣೆ ಬೇಕಾಗಲಿಲ್ಲ.

ಪ್ಯಾಡಿನಲ್ಲಿ ಮಾತ್ರ ಎರಡು ದೋಣಿಯಲ್ಲಿ ಕಾಲಿಡಲು ಆಗುವುದಿಲ್ಲ. ಪೂರ್ತಿ ಟ್ರ್ಯಾಕ್ ಪ್ಯಾಡ್ ಬೆಳಗ್ಗೆ ತಣ್ಣಗಿರುವಾಗ ಸರಿಯಾಗಿ ಕಚ್ಚುವುದಿಲ್ಲ. ಮನೆ ಗೇಟಿನಿಂದ ಹೊರಬರುತ್ತಲೇ ಸ್ಕೂಲ್ ಮಕ್ಕಳು ಅಡ್ಡ ಬರುವ ಬೀದಿಯಲ್ಲಿ ಅದು ಬೇಡವೇ ಬೇಡ. ರಸ್ತೆ ಪ್ಯಾಡ್ ಟ್ರ್ಯಾಕಿನ ಬಿಸಿಗೆ ಸೋಲುತ್ತದೆ. ರಸ್ತೆ, ಟ್ರ್ಯಾಕ್ ಎರಡಕ್ಕೂ ಎಂದು ಮಾರುವ ನಡುವಿನ ದರ್ಜೆಯ ಪ್ಯಾಡ್ ಹಾಕಿಸಿದೆ. ತಣ್ಣಗಿದ್ದರೂ ಕಚ್ಚುತ್ತದೆ, ಬಿಸಿಗೂ ತಡೆಯುತ್ತದೆ. ಬೆಲೆ ತೆರುವುದು ಶಬ್ದದಲ್ಲಿ. ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಕಿರ್‌ರ್ ಅನ್ನುತ್ತದೆ, ಅಲಾಯ್ ಮೇಲೆ ಕಪ್ಪು ಧೂಳು ಕೂರುತ್ತದೆ. ಮನೆಯವರಿಗೆ ಇದು ಇಷ್ಟವಿಲ್ಲ, ‘ಇಷ್ಟು ದುಡ್ಡು ಕೊಟ್ಟು ಬಸ್ ಥರ ಕಿರುಚೋ ಹಾಗೆ ಮಾಡಿಸಿದ್ದೀರಲ್ಲ’ ಅನ್ನುತ್ತಾರೆ. ಶಬ್ದ ಸಹಿಸಲಾಗದವರು ಎರಡು ಸೆಟ್ ಇಟ್ಟುಕೊಂಡು, ಟ್ರ್ಯಾಕಿಗೆ ಹೋಗುವ ಮುಂಚೆ ಬದಲಿಸಿಕೊಳ್ಳುವುದು ಒಳ್ಳೆಯದು.

ಅತಿ ಕಮ್ಮಿ ಖರ್ಚಿನ ಒಳ್ಳೆಯ ಕೆಲಸ ಇನ್ನೊಂದಿದೆ. ಜಾಲರಿ. ಎಂಜಿನ್ ಹಿಂದೆ ಇದ್ದರೂ ಈ ಕಾರಿನ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿವೆ. ಅವುಗಳ ಮುಂದೆ ಏಸಿ ಕಂಡೆನ್ಸರ್. ಗಾಳಿ ಒಳಗೆ ಹೋಗುವ ಬಾಯಿ ತೆರೆದೇ ಇರುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಯಾವುದಾದರೊಂದು ಮರ ಎಲೆ, ಹೂವು ಉದುರಿಸುತ್ತಲೇ ಇರುತ್ತದೆ. ಬಂಪರ್ ಬಿಚ್ಚಿದಾಗ ಹೊಂಗೆ ಎಲೆ, ಗುಲ್‌ಮೊಹರ್ ಎಸಳು, ಪ್ಲಾಸ್ಟಿಕ್ ಚೂರು, ಮಣ್ಣು ಎಲ್ಲ ಸೇರಿ ಒದ್ದೆ ಗೊಬ್ಬರ ಆಗಿತ್ತು. ಗಾಳಿ ನುಗ್ಗಲು ದಾರಿ ಇಲ್ಲ, ಒದ್ದೆಗೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ತೊಳೆದು, ಸ್ಟೇನ್‌ಲೆಸ್ ಜಾಲರಿ ಕೂರಿಸಿದರು. ಟ್ರ್ಯಾಕಿಗೆ ಹೋಗದವರೂ, ಈ ಕಾರು ಇರುವವರೆಲ್ಲ ಇದನ್ನು ಮಾಡಿಸಲೇಬೇಕು.

ಟೈರಿನಲ್ಲಿ ಆಯ್ಕೆ ಹೆಚ್ಚಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಲೈಸೆನ್ಸ್ ಇಲ್ಲದೆ ತರುವಂತಿಲ್ಲ. ಟ್ರ್ಯಾಕಿಗೆಂದೇ ಮಾಡಿದ ಮೆತ್ತನೆ ಟೈರ್ ನನ್ನ ಅಳತೆಗೆ ಹುಡುಕುವುದನ್ನು ಬಿಟ್ಟು, ಒಳ್ಳೆಯ ರಸ್ತೆ ಟೈರನ್ನೇ ಹಾಕಿಸಿದೆ. ಅದರಲ್ಲಿ ನನಗೆ ಬೇಸರವಿಲ್ಲ. ಬೆಂಗಳೂರಿನ ಸಂಜೆ ಮಳೆಗೆ ಕಮ್ಮಿ ಗೀರಿರುವ ಟೈರ್ ಹಾಕಿಕೊಂಡು ಹೆಬ್ಬಾಳ ಫ್ಲೈಓವರ್ ಹತ್ತುವ ಧೈರ್ಯ ನನಗೆ ಬೇಡ.

ಟೈರಿಗಿಂತ ಗಾಳಿ ಮುಖ್ಯ. ಒಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಟ್ರ್ಯಾಕಿಗೆ ಇಳಿಯುವ ಮುಂಚೆ 28ಕ್ಕೆ ಇಳಿಸಿಕೊಂಡರೆ ಬಿಸಿಯಾದ ಮೇಲೆ 34ರ ಹತ್ತಿರ ಬಂದು ನಿಲ್ಲುತ್ತದೆ. ಮನೆಯಿಂದ ಹೊರಡುವಾಗಲೇ ಇಳಿಸಬೇಡಿ. ವಾಪಸ್ ಬರುವಾಗ ಮತ್ತೆ ತುಂಬಿಸುವುದು ಮರೆಯಬೇಡಿ. ಕಮ್ಮಿ ಗಾಳಿಯಲ್ಲಿ ಹೆದ್ದಾರಿಯ ಗುಂಡಿಗೆ ಇಳಿದರೆ ರಿಮ್ಮೇ ಬಾಗುತ್ತದೆ. ಒಂದು ಒಳ್ಳೆಯ ಗೇಜ್, ಸಣ್ಣ ಕಂಪ್ರೆಸರ್ ಎರಡೂ ಮುಂದಿನ ಡಿಕ್ಕಿಯಲ್ಲಿ ಹಿಡಿಯುತ್ತವೆ.

ಇಷ್ಟೆಲ್ಲ ಮಾಡಿಸಿದ ಮೇಲೆ ಟ್ರ್ಯಾಕ್ ಹೇಗಿತ್ತು? ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಶ್ರೀಪೆರುಂಬುದೂರು ದಾಟಿದ ಮೇಲೆ ಬರುವ ಇರುಂಗಾಟ್ಟುಕೋಟೈಯಲ್ಲಿ. ಬೆಂಗಳೂರಿನಿಂದ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. 3.717 ಕಿ.ಮೀ. ಉದ್ದ, 12 ತಿರುವು. ನೇರ ದಾರಿ ಮುಗಿದ ಮೇಲೆ ಬರುವ ಮೊದಲ ಬಲ ತಿರುವನ್ನು ಎಲ್ಲರೂ ಸಿ1 ಅನ್ನುತ್ತಾರೆ. ಬಹಳ ವೇಗದ ತಿರುವು. ಮೊದಲೆಲ್ಲ ಅಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಮುಂಬದಿ ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಸ್ಟೀರಿಂಗ್ ಇನ್ನೂ ತಿರುಗಿಸಿದರೆ ಟೈರ್ ಉಜ್ಜುವ ಶಬ್ದ ಬರುತ್ತಿತ್ತೇ ಹೊರತು ಕಾರು ತಿರುಗುತ್ತಿರಲಿಲ್ಲ. ಈಗ ಕೈ ಹೇಳಿದ ತಕ್ಷಣ ಮೂಗು ಒಳಗೆ ಹೋಗುತ್ತದೆ. ಒಂದು ಸಲ ತಿರುಗಿಸಿ ಹಿಡಿದರೆ ಸಾಕು, ತಿರುವು ಮುಗಿಯುವವರೆಗೂ ತಿದ್ದುವ ಕೆಲಸವಿಲ್ಲ. ಎಂಜಿನ್ ಮೊದಲಿನದೇ, ಒಂದು ಎಚ್‌ಪಿಯೂ ಹೆಚ್ಚಾಗಿಲ್ಲ. ಆದರೂ ನೇರ ದಾರಿಗೆ ಮೊದಲಿಗಿಂತ ಬೇಗ ಆಕ್ಸಿಲರೇಟರ್ ಒತ್ತಬಹುದು. ವೇಗ ಬಂದಿದ್ದು ಅಲ್ಲಿಂದ.

ಪಿಟ್‌ಗೆ ಬಂದ ಕೂಡಲೇ ಟೈರಿನ ಶಾಖವನ್ನು ಒಳ ಅಂಚು, ನಡುವೆ, ಹೊರ ಅಂಚು ಎಂದು ಮೂರು ಕಡೆ ಸೂಜಿ ಮೀಟರಿನಿಂದ ನೋಡಿದೆ. ಒಳ ಅಂಚು ಹೊರಗಿನದಕ್ಕಿಂತ ಸ್ವಲ್ಪವೇ ಜಾಸ್ತಿ ಬಿಸಿ ಇತ್ತು. ಇರಬೇಕಾದದ್ದೂ ಹಾಗೆಯೇ. ಹೊರ ಅಂಚೇ ಜಾಸ್ತಿ ಬಿಸಿ ಇದ್ದರೆ ಕ್ಯಾಂಬರ್ ಸಾಲದು ಎಂದರ್ಥ. ಈ ಟ್ರ್ಯಾಕಿನಲ್ಲಿ ಬಲ ತಿರುವುಗಳದೇ ಜೋರು. ಎಡಗಡೆ ಟೈರುಗಳಿಗೆ ಕೆಲಸ ಜಾಸ್ತಿ, ಅವನ್ನೇ ಹೆಚ್ಚು ಗಮನಿಸಿ. ಕೊನೆಯ ಸುತ್ತು ನಿಧಾನಕ್ಕೆ ಹಾಕಿ ಬ್ರೇಕ್ ತಣ್ಣಗೆ ಮಾಡಿ. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಗೇರ್ ಪಾರ್ಕ್‌ನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಏಪ್ರಿಲ್ ಮೇ ತಿಂಗಳ ಆ ಸೀಮೆಯ ಬಿಸಿಲಿನಲ್ಲಿ ಕಾರಿಗಿಂತ ಮೊದಲು ಮನುಷ್ಯ ಸುಸ್ತಾಗುತ್ತಾನೆ.

ಬೇಡ ಎಂದು ಬಿಟ್ಟ ಕೆಲಸಗಳೂ ಇವೆ. ಎಂಜಿನ್ ರಿಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಿಸುವುದು, ಮಾಡಿಸಲಿಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಅದರಿಂದ ಸಿಗುವುದು ಅಷ್ಟಕ್ಕಷ್ಟೇ. ಸೈಲೆನ್ಸರ್ ಮುಟ್ಟಲಿಲ್ಲ. ರಾತ್ರಿ ಹೊತ್ತು ಬೀದಿಯಲ್ಲಿ ಮಲಗಿದವರನ್ನು ಎಬ್ಬಿಸುವ ಹಕ್ಕು ನನಗಿಲ್ಲ. ನಾಲ್ಕು ಪಟ್ಟಿಯ ರೇಸಿಂಗ್ ಬೆಲ್ಟ್ ಹಾಕಿಸಲಿಲ್ಲ. ಚಾವಣಿ ಕುಸಿಯದ ಹಾಗೆ ಒಳಗೆ ಕೂರಿಸುವ ಉಕ್ಕಿನ ಕೊಳವೆ, ಅಂದರೆ ರೋಲ್ ಬಾರ್, ಇಲ್ಲದ ಕಾರಿನಲ್ಲಿ ಅದು ಅಪಾಯ. ಕಾರು ಮಗುಚಿ ಚಾವಣಿ ಕುಸಿದರೆ, ಸಾಮಾನ್ಯ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ಬಾಗುತ್ತದೆ. ಆ ಬೆಲ್ಟಿನಲ್ಲಿ ನೆಟ್ಟಗೆ ಕೂತೇ ಇರಬೇಕಾಗುತ್ತದೆ.

ಕಾನೂನನ್ನೂ ತಿಳಿದುಕೊಂಡಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಹೇಳಿದ ಮೂಲ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮೇಸ್ತ್ರಿ ಬಿಚ್ಚಿದ ಮೂಲ ಆರ್ಮ್, ಬೋಲ್ಟುಗಳನ್ನು ಎಣ್ಣೆ ಸವರಿ, ಚೀಟಿ ಅಂಟಿಸಿ, ಡಬ್ಬದಲ್ಲಿ ಹಾಕಿ ಕೈಗೆ ಕೊಟ್ಟರು. ಯಾವಾಗ ಬೇಕಾದರೂ ಕಾರನ್ನು ಮೊದಲಿನ ಹಾಗೆ ಮಾಡಬಹುದು. ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗ ಓದಿ. ರೇಸಿಂಗ್, ವೇಗದ ಪರೀಕ್ಷೆ ಅದರ ಹೊರಗೆ. ಟ್ರ್ಯಾಕಿನಲ್ಲಿ ಕಾರು ಗೋಡೆಗೆ ಗುದ್ದಿದರೆ ಖರ್ಚು ನಮ್ಮದೇ ಎಂದುಕೊಂಡೇ ಇಳಿಯಬೇಕು.

ಗ್ಯಾರೇಜಿನ ಬಗ್ಗೆ ದೂರುಗಳೂ ಇವೆ. ಹೇಳಿದ ದಿನಕ್ಕೆ ಕಾರು ಕೊಡುವುದಿಲ್ಲ. ಆರ್ಮ್ ಬಂದಿಲ್ಲ, ಬುಷ್ ಬಂದಿಲ್ಲ ಎಂದು ವಾರಗಟ್ಟಲೆ ಹೋಯಿತು. ಫೋನ್ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ ಎತ್ತುತ್ತಾರೆ. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಮೊದಲ ಸಲ ಕಾರು ಕೊಟ್ಟಾಗ ನೇರ ಹೋಗುವಾಗ ಸ್ಟೀರಿಂಗ್ ಕೂದಲೆಳೆಯಷ್ಟು ಎಡಕ್ಕಿತ್ತು. ತೋರಿಸಿದೆ. ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿ, ಮಾತಿಲ್ಲದೆ ಮತ್ತೆ ದಾರ ಕಟ್ಟಿ ಸರಿ ಮಾಡಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆರ್ಮ್, ಪ್ಯಾಡ್, ಆಯಿಲ್, ಜಾಲರಿ, ಲೇಬರ್ ಎಲ್ಲ ಸೇರಿ ಎರಡು ಲಕ್ಷ ದಾಟಿತು, ಟೈರ್ ಬಿಟ್ಟು. ಕಮ್ಮಿ ದುಡ್ಡಲ್ಲ. ಆದರೆ ಬಿಲ್ಲಿನಲ್ಲಿ ಒಂದೊಂದು ಸಾಲಿಗೂ ಪಾರ್ಟ್ ನಂಬರ್ ಇದೆ, ಜಿಎಸ್‌ಟಿ ಇದೆ.

ಹೀಗೆ ಕೆಲಸ ಮಾಡಿಸಲು ಹೋಗುವವರು ಅಲೈನ್‌ಮೆಂಟಿನ ಮುಂಚಿನ ಹಾಳೆ, ನಂತರದ ಹಾಳೆ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಯಾವ ಚಕ್ರಕ್ಕೆ ಎಷ್ಟು ಮಿ.ಮೀ. ಶಿಮ್ ಹಾಕಿದ್ದಾರೆ ಎಂದು ಅದರ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ನಿಮ್ಮ ತೂಕ ಕೇಳದೆ ಅಳತೆ ಶುರು ಮಾಡಿದರೆ ನೀವೇ ಹೇಳಿ. ಪೀಣ್ಯಕ್ಕೆ ಕಾರು ಬಿಡಲು ಹೋಗುವುದಾದರೆ ಬೆಳಗ್ಗೆ ಎಂಟರೊಳಗೆ ಗೊರಗುಂಟೆಪಾಳ್ಯ ದಾಟಿಬಿಡಿ, ಆಮೇಲೆ ಲಾರಿಗಳ ಸಾಲು. ವಾಪಸ್ ಬರಲು ಹಸಿರು ಮೆಟ್ರೋ ಇದೆ. ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿಕೊಂಡರೆ ವಿಜಯನಗರ. ಕಾರು ತಂದ ಮೇಲೆ ಮೊದಲ ವಾರ ಊರಲ್ಲೇ ಓಡಿಸಿ, ಬೋಲ್ಟಿನ ಬಣ್ಣದ ಗೆರೆಗಳನ್ನು ಟಾರ್ಚ್ ಹಾಕಿ ಒಮ್ಮೆ ನೋಡಿ, ಆಮೇಲೆ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಕ್ಕೆ, ಹೆಸರು ಕೊಡಿ.